ಪ್ರಿಸಿಲ್ಲಾಳ ಮಡಿಲಲ್ಲಿದ್ದ ಷೂ

ಬಿ.ಎ. ಎರಡನೇ ವರ್ಷದಲ್ಲಿ ಇಂಗ್ಲಿಷ್ ಪೀರಿಯಡ್ ಊಟದ ನಂತರ ಇರುತ್ತಿತ್ತು. ಆ ಹೊತ್ತಿಗೆ ಕ್ಲಾಸಿನಲ್ಲಿ ಅರ್ಧ ಜನ ತೂಕಡಿಸುವುದು ಮಾಮೂಲು. ಆವತ್ತು ಮಾತ್ರ ಯಾರಿಗೂ ನಿದ್ದೆ ಬರಲಿಲ್ಲ. ಮೇಡಂ ಒಂದು ಮದುವೆ ಮಾತುಕತೆಯ ಕಥೆ ಹೇಳುತ್ತಿದ್ದರು.

ಕವಿ ಲಾಂಗ್‌ಫೆಲೋ 1858ರಲ್ಲಿ ಪ್ರಕಟಿಸಿದ ಕಥನಕವನ ಅದು. ಅಮೆರಿಕದ ಪ್ಲಿಮತ್‌ನಲ್ಲಿ ಇಂಗ್ಲೆಂಡಿನಿಂದ ಬಂದವರು ಆಗಷ್ಟೇ ಮನೆ ಕಟ್ಟಿಕೊಂಡಿದ್ದಾರೆ. ದಳದ ಕ್ಯಾಪ್ಟನ್ ಮೈಲ್ಸ್ ಸ್ಟ್ಯಾಂಡಿಷ್‌ನ ಹೆಂಡತಿ ತೀರಿಕೊಂಡಿದ್ದಾಳೆ. ಅವನಿಗೆ ಪ್ರಿಸಿಲ್ಲಾ ಎಂಬ ಹುಡುಗಿಯ ಮೇಲೆ ಮನಸ್ಸು. ಹೋಗಿ ಕೇಳಲು ಮಾತ್ರ ನಾಲಿಗೆ ಏಳದು. ಹಾಗಾಗಿ ಗೆಳೆಯ ಜಾನ್ ಆಲ್ಡೆನ್‌ನನ್ನು ಹೆಣ್ಣು ಕೇಳಲು ಕಳಿಸುತ್ತಾನೆ. ಜಾನ್‌ಗೂ ಅವಳೇ ಇಷ್ಟ. ಆದರೂ ಹೋಗಿ ಕ್ಯಾಪ್ಟನ್‌ನ ಗುಣಗಾನ ಮಾಡುತ್ತಾನೆ. ಎಲ್ಲ ಕೇಳಿಸಿಕೊಂಡ ಪ್ರಿಸಿಲ್ಲಾ, ನಿನ್ನ ಮಾತು ನೀನೇ ಯಾಕೆ ಆಡಬಾರದು ಅಂತ ಕೇಳುತ್ತಾಳೆ. ಆಮೇಲೆ ಕ್ಯಾಪ್ಟನ್ ಸತ್ತನೆಂಬ ಸುಳ್ಳು ಸುದ್ದಿ ಬರುತ್ತದೆ. ಇವರ ಮದುವೆಯ ದಿನವೇ ಅವನು ಬಾಗಿಲಲ್ಲಿ ಬಂದು ನಿಲ್ಲುತ್ತಾನೆ, ಕ್ಷಮೆ ಕೇಳುತ್ತಾನೆ.

ಮುಂದಿನ ಬೆಂಚಿನ ಗೆಳತಿ ಎದ್ದು ನಿಂತಳು. "ಮೇಡಂ, ಹುಡುಗಿ ಕಡೆ ಹಿರಿಯರು ಯಾರೂ ಇರಲಿಲ್ವಾ?"

ನಾವೆಲ್ಲ ಗೊಳ್ಳೆಂದು ನಕ್ಕೆವು. ಮೇಡಂ ನಗಲಿಲ್ಲ. ಕೈಯಲ್ಲಿದ್ದ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು, "ಒಳ್ಳೆ ಪ್ರಶ್ನೆ ಕಣಮ್ಮಾ. ನಾನೂ ಸರಿಯಾಗಿ ಓದಿಕೊಂಡು ಬರ್ತೀನಿ" ಅಂದರು.

ಎರಡು ದಿನ ಬಿಟ್ಟು ಒಂದು ನೋಟ್‌ಬುಕ್ ತುಂಬ ಬರೆದುಕೊಂಡು ಬಂದರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ ಪ್ರಯಾಣಿಕರು 102 ಮಂದಿ. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಜನ ತೀರಿಹೋದರು. ಪ್ರಿಸಿಲ್ಲಾಳ ಅಪ್ಪ ವಿಲಿಯಂ ಮಲಿನ್ಸ್ ಇಂಗ್ಲೆಂಡಿನ ಡಾರ್ಕಿಂಗ್ ಊರಿನ ಚಪ್ಪಲಿ ವ್ಯಾಪಾರಿ. ಅವನು, ಅವಳ ಅಮ್ಮ, ಜೊತೆಯಲ್ಲಿ ಬಂದಿದ್ದ ತಮ್ಮ, ಮೂವರೂ ಆ ಕೆಲವೇ ತಿಂಗಳಲ್ಲಿ ಸತ್ತರು. ಅಪ್ಪ ಸಾಯುವಾಗ ಬರೆಸಿದ ಉಯಿಲು ಇವತ್ತಿಗೂ ಉಳಿದಿದೆ. ಅದರಲ್ಲಿ 21 ಡಜನ್ ಷೂ, 13 ಜೊತೆ ಬೂಟಿನ ಲೆಕ್ಕ ಇದೆ. ಹೊಸ ಊರಿನಲ್ಲಿ ಅಂಗಡಿ ಇಡುವ ಕನಸಿತ್ತೋ ಏನೋ.

"ಹಿರಿಯರು ಇದ್ದರು. ಎಲ್ಲರನ್ನೂ ಮಣ್ಣು ಮಾಡಿದ್ದಳು" ಅಂದರು ಮೇಡಂ. ಕ್ಲಾಸ್ ತಣ್ಣಗಾಯಿತು.

ನನಗೆ ಆ ಹುಡುಗಿಯ ಮಾತು ಬೇರೆಯಾಗಿ ಕೇಳಿಸಿದ್ದು ಆಗಲೇ. ಅದುವರೆಗೆ ಅದು ಚೂಟಿ ಹುಡುಗಿಯ ಚುರುಕು ಮಾತು ಅಂದುಕೊಂಡಿದ್ದೆ. ಅವಳ ಪರವಾಗಿ ಮಾತಾಡುವವರು ಯಾರೂ ಉಳಿದಿರಲಿಲ್ಲ. ಕೇಳುವುದನ್ನು ಅವಳೇ ಕೇಳಬೇಕಿತ್ತು.

ಕವನದ್ದೆಲ್ಲ ನಡೆದದ್ದೇ ಅಂತ ಮೇಡಂ ಹೇಳಲಿಲ್ಲ. ಹೆಣ್ಣು ಕೇಳಲು ಹೋದ ಪ್ರಸಂಗ ಆಲ್ಡೆನ್ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಲಾಂಗ್‌ಫೆಲೋ ತಾಯಿಯ ಕಡೆಯಿಂದ ಅದೇ ವಂಶದವನು. ಕವನದಲ್ಲಿ ಮದುಮಗಳು ಬಿಳಿ ಹೋರಿಯ ಮೇಲೆ ಕೂತು ಹೋಗುತ್ತಾಳೆ. ಆದರೆ ಪ್ಲಿಮತ್‌ಗೆ ದನ ಬಂದದ್ದೇ ಆಮೇಲೆ, 1624ರಲ್ಲಿ. ಜಾನ್ ನಿಜವಾಗಿ ಪೀಪಾಯಿ ಮಾಡುವ ಕೆಲಸಗಾರ, ಸೌತಾಂಪ್ಟನ್‌ನಲ್ಲಿ ಹಡಗಿನ ಕೆಲಸಕ್ಕೆ ಸೇರಿದವನು. ಬೇಕಾದರೆ ವಾಪಸ್ ಹೋಗಬಹುದಿತ್ತು, ಹೋಗಲಿಲ್ಲ. ಅವರ ಮದುವೆ ನಿಜವೇ, ಹತ್ತು ಮಕ್ಕಳಾದರು. ಸ್ಟ್ಯಾಂಡಿಷ್ ಬಾರ್ಬರಾ ಎಂಬವಳನ್ನು ಮದುವೆಯಾದ. ಮುಂದೆ ಅವನ ಮಗನಿಗೇ ಜಾನ್ ಮತ್ತು ಪ್ರಿಸಿಲ್ಲಾರ ಮಗಳನ್ನು ತಂದುಕೊಂಡರು. ಇದನ್ನು ಕೇಳಿ ನಮಗೆ ಆದ ಖುಷಿ ಹೇಳತೀರದು!

ಆ ಊರಿನ ಮೊದಲ ಮದುವೆಯೂ ಸಾವಿನ ಬೆನ್ನಿಗೇ ಆದದ್ದು. 1621ರ ಮೇ 12ರಂದು ಎಡ್ವರ್ಡ್ ವಿನ್‌ಸ್ಲೋ, ಸುಸಾನಾ ವೈಟ್ ಮದುವೆಯಾದರು. ಅವನ ಹೆಂಡತಿ, ಅವಳ ಗಂಡ ಸತ್ತು ಮೂರು ತಿಂಗಳೂ ಆಗಿರಲಿಲ್ಲ. ಪಾದ್ರಿ ಬೇಡ, ಅಧಿಕಾರಿಯ ಮುಂದೆ ಒಪ್ಪಿಗೆ ಹೇಳಿದರೆ ಸಾಕಿತ್ತು.

ಇನ್ನೊಂದನ್ನೂ ಮೇಡಂ ಮುಚ್ಚಿಡಲಿಲ್ಲ. ಆ ಜಾಗ ವಾಂಪನೋಗ್ ಜನರ ಪಟಕ್ಸೆಟ್ ಎಂಬ ಊರು. ಹಡಗುಗಳಲ್ಲಿ ಬಂದ ರೋಗಕ್ಕೆ ಊರಿಗೆ ಊರೇ ಅಳಿದಿತ್ತು. 1623ರಲ್ಲಿ ಸ್ಟ್ಯಾಂಡಿಷ್ ವೆಸಗಸೆಟ್ ಎಂಬ ಇನ್ನೊಂದು ಊರಿನಲ್ಲಿ ಮ್ಯಾಸಚೂಸೆಟ್ ಎಂಬ ಸ್ಥಳೀಯ ಜನರ ಯೋಧರನ್ನು ಮನೆಯೊಳಗೆ ಕರೆಸಿ ಕೊಂದ. ಕವನ ಇದನ್ನು ಶೌರ್ಯ ಅನ್ನುವ ಹಾಗೆ ಹಾಡುತ್ತದೆ. ನನಗೆ ಆ ಭಾಗವನ್ನು ಇವತ್ತಿಗೂ ಓದಲು ಆಗುವುದಿಲ್ಲ.

ವಾರ್ಷಿಕೋತ್ಸವಕ್ಕೆ ಇದನ್ನೇ ಕನ್ನಡ ನಾಟಕ ಮಾಡಿದೆವು. ಕವನದಲ್ಲಿ ಪ್ರಿಸಿಲ್ಲಾ ನೂಲುತ್ತಾ ಕೂತಿರುತ್ತಾಳೆ. ಮೇಡಂ ರಾಟೆ ಬೇಡ ಅಂದರು. "ಅಪ್ಪನ ಷೂ ಒರೆಸಿ ಜೋಡಿಸ್ತಾ ಕೂತಿರಲಿ." ಇಡೀ ಕ್ಲಾಸಿನವರು ಅಣ್ಣಂದಿರ, ಅಪ್ಪಂದಿರ ಹಳೇ ಷೂ ತಂದೆವು. ನಾನು ತಂದದ್ದು ನಮ್ಮಪ್ಪ ಡ್ಯೂಟಿಗೆ ಹಾಕುತ್ತಿದ್ದ ಕಂದು ಷೂ, ಒಂದರ ಹಿಮ್ಮಡಿ ಸವೆದಿತ್ತು.

ನಾನು ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವವಳು. ಪ್ರಿಸಿಲ್ಲಾ ಪಾತ್ರ ಆ ಮುಂದಿನ ಬೆಂಚಿನ ಗೆಳತಿಯದು. ಜಾನ್ ಕ್ಯಾಪ್ಟನ್‌ನನ್ನು ಹೊಗಳಿ ಮುಗಿಸಿದ. ಅವಳು ಸುಮ್ಮನಿದ್ದಳು. ಮರೆತಳೇನೋ ಅಂತ ನಾನು ಪಿಸುಗುಟ್ಟಲು ಬಾಯಿ ತೆರೆದೆ. ಅವಳ ಕೈಯಲ್ಲಿ ನಮ್ಮಪ್ಪನ ಷೂ ಇತ್ತು. ಬಟ್ಟೆಯಿಂದ ಅದರ ಸವೆದ ಹಿಮ್ಮಡಿಯನ್ನು ನಿಧಾನವಾಗಿ ಒರೆಸಿ, ಸಾಲಿನಲ್ಲಿ ನೆಟ್ಟಗೆ ಇಟ್ಟಳು. ಆಮೇಲೆ ತಲೆ ಎತ್ತಿ ಕೇಳಿದಳು.