ಅಪ್ಪನ ಡೌನ್‌ಲೋಡ್ಸ್ ಫೋಲ್ಡರ್

"ಸಿ ಡ್ರೈವ್ ಕೆಂಪಗಾಗಿದೆ ಕಣೋ. ಒಂದು ಪಿಡಿಎಫ್ ಕೂಡ ಸೇವ್ ಆಗ್ತಿಲ್ಲ," ಎಂದು ಅಪ್ಪ ಫೋನ್ ಮಾಡಿದ್ದರು. ಭಾನುವಾರ ಊರಿಗೆ ಹೋಗಿ ನೋಡಿದೆ. 238 ಜಿಬಿಯಲ್ಲಿ ಖಾಲಿ ಉಳಿದಿದ್ದು 300 ಎಂಬಿಯೂ ಇಲ್ಲ. 256 ಜಿಬಿ ಎಂದು ಕೊಂಡ ಡಿಸ್ಕ್ ಅದು. ಕೆಬಿ, ಎಂಬಿ, ಜಿಬಿ ಎಂದು ಏರುವ ಪ್ರತಿ ಹೆಜ್ಜೆಗೂ ತಯಾರಿಸುವವರದು ಸಾವಿರದ ಲೆಕ್ಕ, ವಿಂಡೋಸ್‌ದು 1024ರ ಲೆಕ್ಕ. ಅಪ್ಪ ಮಾತ್ರ ಇವತ್ತಿಗೂ ಅದನ್ನು ತೂಕದಲ್ಲಿ ಮೋಸ ಅಂತಲೇ ಹೇಳುತ್ತಾರೆ.

ನನ್ನ ತಮ್ಮ ಫೋನಿನಲ್ಲೇ ಸಲಹೆ ಕೊಟ್ಟ. "ವಿಂಡೋಸ್ ಫೋಲ್ಡರ್ ಒಳಗೆ ವಿನ್‌ಎಸ್‌ಎಕ್ಸ್‌ಎಸ್ ಅಂತ ಒಂದಿದೆ, ಸಿಕ್ಕಾಪಟ್ಟೆ ದೊಡ್ಡದು. ಎತ್ತಿ ಬಿಸಾಕು." ಬೇಡಪ್ಪಾ ಎಂದೆ. ಅದು ವಿಂಡೋಸ್ ತನ್ನ ಬಿಡಿಭಾಗಗಳನ್ನು ಇಡುವ ಉಗ್ರಾಣ. ಅಲ್ಲಿ ಕಾಣುವ ಎಷ್ಟೋ ಫೈಲ್‌ಗಳು ಬೇರೆ ಫೋಲ್ಡರ್‌ನಲ್ಲೂ ಕಾಣುತ್ತವೆ. ಒಂದೇ ಫೈಲಿಗೆ ಎರಡು ಬಾಗಿಲು ಇದ್ದ ಹಾಗೆ. ಹಾಗಾಗಿ ಅದರ ಗಾತ್ರ ಇರುವುದಕ್ಕಿಂತ ಜಾಸ್ತಿ ತೋರುತ್ತದೆ. ಕೈಯಾರೆ ಅಳಿಸಿದರೆ ಕಂಪ್ಯೂಟರ್ ಮತ್ತೆ ಏಳದಿದ್ದರೂ ಏಳದು.

ವಿನ್‌ಡರ್‌ಸ್ಟಾಟ್ ಎಂಬ ಪುಕ್ಕಟೆ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದೆ. ಯಾವ ಫೈಲ್ ಎಷ್ಟು ಜಾಗ ತಿಂದಿದೆ ಎಂದು ಬಣ್ಣದ ಚೌಕಗಳಲ್ಲಿ ತೋರಿಸುತ್ತದೆ. ಮೊದಲು ಸಿಕ್ಕಿದ್ದು ವಿಂಡೋಸ್.ಓಲ್ಡ್, 24 ಜಿಬಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ಆ ಕಾರಣಕ್ಕೇ ಹಿಂದಿನ ವಾರವಷ್ಟೇ 11 ಹಾಕಿಕೊಟ್ಟಿದ್ದೆ. ಹಳೆಯದಕ್ಕೆ ಮರಳಬೇಕೆಂದರೆ ಹತ್ತು ದಿನದ ಗಡುವು, ಅದಕ್ಕಾಗಿ ಇಟ್ಟ ಗಂಟು ಇದು. ಅಳಿಸಿದರೆ ಹಿಂದಕ್ಕೆ ದಾರಿಯಿಲ್ಲ. ಹಾಗಾಗಿ ಮೊದಲು ಅಪ್ಪನ ಹಳೇ ಪ್ರಿಂಟರ್‌ನಲ್ಲಿ ಒಂದು ಹಾಳೆ ತೆಗೆದು ನೋಡಿದೆ. ಬಂತು.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್ ತನಕ ಹೋದೆ. ಹಳೇ ವಿಂಡೋಸ್‌ಗೆ ಟಿಕ್, ರೀಸೈಕಲ್ ಬಿನ್‌ಗೆ ಟಿಕ್. ಅದೇ ಓಟದಲ್ಲಿ ಡೌನ್‌ಲೋಡ್ಸ್‌ಗೂ ಟಿಕ್ ಹಾಕಿಬಿಟ್ಟೆ. 11 ಜಿಬಿ ಅಲ್ವಾ, ಬಾಯಲ್ಲಿ ನೀರೂರಿತು. ರಿಮೂವ್ ಒತ್ತುವುದೊಂದೇ ಬಾಕಿ.

ಅಪ್ಪ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದರು. "ಪಹಣಿ ಎಲ್ಲಾ ಅದ್ರಲ್ಲೇ ಇದೆ ಕಣೋ."

ಪಹಣಿ ಮಾತ್ರವಲ್ಲ. ಪೆನ್ಷನ್ ಕಾಗದ, ಅಮ್ಮನ ಸ್ಕ್ಯಾನ್ ರಿಪೋರ್ಟ್, ಆರು ವರ್ಷದ ಕರೆಂಟ್ ಬಿಲ್. ಡೌನ್‌ಲೋಡ್ಸ್ ಎಂದರೆ ನನಗೆ ಕಸದ ಬುಟ್ಟಿ, ಅಪ್ಪನಿಗೆ ಬೀರು. ಹೀಗೆ ಅಳಿಸಿದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಕೈ ತಣ್ಣಗಾಯಿತು. ಆ ಟಿಕ್ ತೆಗೆದೆ. ರೀಸೈಕಲ್ ಬಿನ್‌ನದನ್ನೂ ತೆಗೆದು, ಒಳಗೆ ಏನಿದೆ ಎಂದು ಒಂದೊಂದಾಗಿ ನೋಡಿದ ಮೇಲೇ ಖಾಲಿ ಮಾಡಿದೆ.

ಉಳಿದ ಹೊರೆ ಅಕ್ಕನ ಮದುವೆಯದು. "ಮದುವೆ", "ಮದುವೆ ಹೊಸದು", "ಮದುವೆ ಹೊಸದು 2" ಎಂಬ ಮೂರು ಫೋಲ್ಡರ್. ಮೂರರಲ್ಲೂ ಅದೇ ವಿಡಿಯೋಗಳು, ತಲಾ 18 ಜಿಬಿ. ಒಂದನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿದೆ. ಅಲ್ಲಿಂದಲೇ ಧಾರೆಯ ವಿಡಿಯೋ ಓಡಿಸಿ ನೋಡಿದ ಮೇಲೆ ಇಲ್ಲಿನ ಎರಡನ್ನು ಅಳಿಸಿದೆ. ಅಮ್ಮ ಅಡುಗೆ ಬಿಟ್ಟು ಬಂದು ಪೂರ್ತಿ ನೋಡಿದ್ದರಿಂದ ಊಟ ಮೂರು ಗಂಟೆಗಾಯಿತು.

ಕೆಂಪು ಗೆರೆ ನೀಲಿಯಾಯಿತು. 60 ಜಿಬಿ ಖಾಲಿ. ಅಪ್ಪ ಕನ್ನಡಕ ಏರಿಸಿ ನೋಡಿ ಕೇಳಿದರು:

"ಇಷ್ಟು ಜಾಗ ಇದೆಯಲ್ಲ, ಮದುವೆದು ಇನ್ನೊಂದು ಕಾಪಿ ಇಟ್ಕೊಳ್ಳಲಾ?"