ಒಂದು ಮಾರು, ಒಂದು ಗೇಣು: ಪೇಟೆಯಲ್ಲಿ ಸಣ್ಣ ಕ್ಯಾಮೆರಾ ಹಿಡಿಯುವ ಲೆಕ್ಕ

ಮದುವೆ ಫೋಟೋ ತೆಗೆದು ಕೈ ಪಳಗಿದವರು ದಾವಣಗೆರೆಯ ಚೌಕಿಪೇಟೆಗೆ ಇಳಿದಾಗ ಮೊದಲು ಬಿಡಬೇಕಾದ್ದು ಎರಡು ಚಟ: ಜೂಮ್ ತಿರುಗಿಸುವುದು, ಆಟೋಫೋಕಸ್‌ಗೆ ಕಾಯುವುದು. ಹಮಾಲರು ಮೂಟೆ ಹೊತ್ತು ಎದುರಿಗೆ ಬರುತ್ತಿರುತ್ತಾರೆ. ಫೋಕಸ್ ಚೌಕ ಅವರ ಮುಖ ಬಿಟ್ಟು ಹಿಂದಿನ ಅಂಗಡಿಯ ಬೋರ್ಡು ಹಿಡಿಯುತ್ತದೆ. ಅದನ್ನು ಸರಿಮಾಡುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆ.

ಈ ಕೆಲಸಕ್ಕೆ ನಮಗೆ ಒಗ್ಗಿದ್ದು ರಿಕೋ ಜಿಆರ್ 3 ಎಂಬ ಸಣ್ಣ ಕ್ಯಾಮೆರಾ. ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ. ಕಳಚಲಾಗದ 18.3 ಮಿ.ಮೀ. ಪ್ರೈಮ್ (ಜೂಮ್ ಇಲ್ಲದ) ಲೆನ್ಸ್, ಅಂದರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಲೆಕ್ಕದಲ್ಲಿ 28 ಮಿ.ಮೀ. ಇದರ ಸ್ನ್ಯಾಪ್ ಫೋಕಸ್‌ನಲ್ಲಿ ದೂರವನ್ನು ಮೊದಲೇ 2 ಮೀಟರಿಗೆ ಕಟ್ಟಿಟ್ಟು, ಬಟನ್ ಒಂದೇ ಸಲ ಪೂರ್ತಿ ಒತ್ತಿದರೆ ಫೋಕಸ್ ಹುಡುಕದೆ ಫೋಟೋ ಬೀಳುತ್ತದೆ.

ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಎಫ್/8 ಇಟ್ಟರೆ (ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು) ಸುಮಾರು 1 ಮೀಟರಿನಿಂದ 38 ಮೀಟರ್‌ವರೆಗೆ ಎಲ್ಲ ಚೂಪು. ಎಫ್/5.6ಕ್ಕೆ ಅದು 1.2ರಿಂದ 6 ಮೀಟರ್ ಆಗುತ್ತದೆ. ಎಫ್/2.8ಕ್ಕೆ ಒಂದೂವರೆಯಿಂದ ಮೂರು ಮೀಟರ್, ಅಷ್ಟೇ. ಸಂಜೆ ಬೆಳಕು ಕಮ್ಮಿಯಾಯಿತೆಂದು ಅಪರ್ಚರ್ ತೆರೆದವರ ಫೋಟೋ ಮಸುಕಾಗುವುದು ಕೈ ನಡುಗಿ ಅಲ್ಲ, ಇದಕ್ಕೇ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಂಕಿ) 6400ರವರೆಗೆ ಏರಲಿ ಬಿಡಿ; ಕಾಳು ಕಾಳು ಕಂಡರೆ ಪೇಟೆಯ ಫೋಟೋಗೆ ನಷ್ಟವಿಲ್ಲ.

2 ಮೀಟರ್ ಅಂದಾಜಿಗೆ ಟೇಪು ಬೇಡ. ಒಂದು ಮಾರು ಆರು ಅಡಿ, ಒಂದು ಗೇಣು ಒಂಬತ್ತು ಇಂಚು. ಎರಡೂ ಸೇರಿದರೆ 2 ಮೀಟರಿಗೆ ಕೂದಲೆಳೆ ಹೆಚ್ಚು. ಅಂಗಡಿಕಟ್ಟೆಯ ಮುಂದೆ ನಿಂತು ನಾಲ್ಕು ದಿನ ಅಳೆದರೆ ಕಣ್ಣಿಗೆ ರೂಢಿಯಾಗುತ್ತದೆ. ಆ ದೂರಕ್ಕೆ ಅಡ್ಡ ಫ್ರೇಮಿನ ಎತ್ತರ 1.7 ಮೀಟರ್ ಮಾತ್ರ, ನಿಂತವರ ಪಾದ ತುಂಡಾಗುತ್ತದೆ. ಕ್ಯಾಮೆರಾ ಉದ್ದಕ್ಕೆ ಹಿಡಿಯಿರಿ, ಇಲ್ಲವೇ ಅರ್ಧ ಹೆಜ್ಜೆ ಹಿಂದೆ ಸರಿಯಿರಿ.

ಶಟರ್ ವೇಗ ಹಗಲಲ್ಲಿ 1/500 ಸೆಕೆಂಡು. ನಡೆಯುವವರಿಗೆ 1/250ಕ್ಕಿಂತ ಇಳಿಸಬೇಡಿ, ಕಾಲು ಅಲುಗಿ ಬರುತ್ತದೆ. ಬೆಣ್ಣೆ ದೋಸೆ ಹೋಟೆಲಿನ ಟ್ಯೂಬ್‌ಲೈಟ್ ಕೆಳಗೆ ಮಾತ್ರ ಬೇರೆ ಲೆಕ್ಕ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 1/500ರಲ್ಲಿ ಒಂದು ಫೋಟೋ ಬೆಳ್ಳಗೆ, ಮುಂದಿನದು ಮಂಕು. 1/100ಕ್ಕೆ ಇಳಿಸಿ, ಹೆಂಚಿನ ಮುಂದೆ ಕೈ ನಿಂತ ಕ್ಷಣ ಒತ್ತಿ.

ಮಂಡಕ್ಕಿ ಭಟ್ಟಿಯಲ್ಲಿ ಮೀಟರಿಂಗ್, ಅಂದರೆ ಕ್ಯಾಮೆರಾ ತಾನೇ ಬೆಳಕು ಅಳೆಯುವುದು, ಕೈಕೊಡುತ್ತದೆ. ಫ್ರೇಮ್ ತುಂಬ ಮಂಡಕ್ಕಿ ರಾಶಿಯಿದ್ದರೆ ಅದನ್ನು ಬೂದಿ ಬಣ್ಣಕ್ಕೆ ಎಳೆಯುತ್ತದೆ, ಎಕ್ಸ್‌ಪೋಷರ್ (ಫೋಟೋದ ಬೆಳಕು) ಪ್ಲಸ್ 1 ಕೊಡಿ. ಮಸಿ ಹಿಡಿದ ಗೋಡೆಯೇ ಹೆಚ್ಚಿದ್ದರೆ ಮಂಡಕ್ಕಿ ಬಿಳಿ ಹಾಳೆಯಂತೆ ಸುಟ್ಟುಹೋಗುತ್ತದೆ, ಮೈನಸ್ 1.

ಜನರ ಮಾತೂ ಕೆಲಸದ ಭಾಗವೇ. “ಪೇಪರಿಗೇನ್ರಿ?” ಅಂತ ಕೇಳಿದರೆ ಕ್ಯಾಮೆರಾ ಬಚ್ಚಿಡಬೇಡಿ. “ಅಲ್ಲ ಯಜಮಾನ್ರೇ, ನೋಡ್ರಿ” ಎಂದು ಹಿಂದಿನ ಸ್ಕ್ರೀನ್ ತೋರಿಸಿ. ಬೇಡವೆಂದರೆ ಅವರೆದುರಿಗೇ ಅಳಿಸಿ.

ಇನ್ನು ಧೂಳು. ಆನ್ ಮಾಡಿದಾಗ ಲೆನ್ಸ್ ಕೊಳವೆ ಮುಂದೆ ಬರುತ್ತದೆ, ಜೊತೆಗೆ ಗಾಳಿಯನ್ನೂ ಒಳಗೆಳೆಯುತ್ತದೆ. ಭಟ್ಟಿಯ ಹೊಗೆ, ಮರಳಿನ ಪುಡಿ ಹೋಗುವುದು ಹೀಗೆ. ಹೊರಗೇ ಆನ್ ಮಾಡಿಕೊಂಡು ಹೋಗಿ, ಆಟೋ ಪವರ್ ಆಫ್ ತೆಗೆದಿಡಿ, ಒಳಗೆ ಮತ್ತೆ ಮತ್ತೆ ಆನ್-ಆಫ್ ಬೇಡ. ಬ್ಯಾಟರಿ ಬೇಗ ಇಳಿಯುವುದರಿಂದ ಇನ್ನೊಂದು ಜೇಬಲ್ಲಿರಲಿ. ಮನೆಗೆ ಬಂದು ಎಫ್/16ರಲ್ಲಿ, ಫೋಕಸ್ ತಪ್ಪಿಸಿ, ಬಿಳಿ ಗೋಡೆಯದೊಂದು ಫೋಟೋ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಧೂಳು ಸೆನ್ಸರ್ ಮೇಲೆ ಕೂತಿದೆ. ಕಳಚುವ ಲೆನ್ಸ್ ಅಲ್ಲವಾದ್ದರಿಂದ ಬ್ಲೋವರ್ ಅಲ್ಲಿಗೆ ತಲುಪದು, ಸರ್ವಿಸ್‌ನವರೇ ಬಿಚ್ಚಬೇಕು.