ಶಕ 1486ಕ್ಕೆ 78 ಕೂಡಿದರೆ 1565 ಬರುವುದಿಲ್ಲ

ಬಿ.ಎ. ಇತಿಹಾಸದ ತರಗತಿಗಳಲ್ಲಿ ಶಕವರ್ಷದ ಪಾಠ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಕ್ರಿ.ಶ. ಇಸವಿ ಬೇಕಾದರೆ 78 ಕೂಡಿಸಿ. ತಾಳಿಕೋಟೆ ಕದನ ನಡೆದದ್ದು 1565ರ ಜನವರಿ 23ರಂದು. ಅದು ಬೀಳುವುದು ಶಕ 1486ರಲ್ಲಿ, ರಕ್ತಾಕ್ಷಿ ಸಂವತ್ಸರ. ಕೂಡಿಸಿ ನೋಡಿ, ಸಿಗುವುದು 1564.

ಇಲ್ಲಿ ತಪ್ಪಿದ್ದು ತಿಂಗಳು. ಶಕವರ್ಷ ಬದಲಾಗುವುದು ಯುಗಾದಿಗೆ. ಯುಗಾದಿಯಿಂದ ಡಿಸೆಂಬರ್ ಕೊನೆಯವರೆಗೆ 78, ಜನವರಿ 1ರಿಂದ ಮುಂದಿನ ಯುಗಾದಿವರೆಗೆ 79. ಮಾಘ, ಫಾಲ್ಗುಣ ಎಂದಿದ್ದರೆ ಬಹುಮಟ್ಟಿಗೆ 79. ಪುಷ್ಯ ಮಾತ್ರ ಕಾಟ ಕೊಡುತ್ತದೆ, ಡಿಸೆಂಬರಿನಲ್ಲೂ ಬೀಳುತ್ತದೆ, ಜನವರಿಯಲ್ಲೂ. ಅಂಥ ಕಡೆ ಕ್ರಿ.ಶ. 700ರಿಂದ 1799ರವರೆಗಿನ ತಿಥಿ-ವಾರಗಳನ್ನು ಕೊಡುವ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ತೆರೆಯಲೇಬೇಕು. ತಿಂಗಳೇ ಇಲ್ಲದಿದ್ದರೆ ಎರಡು ಇಸವಿ ಬರೆಯಿರಿ. ಐಹೊಳೆಯ ರವಿಕೀರ್ತಿಯ ಶಾಸನಕ್ಕೆ 634–35 ಎಂದು ಬರೆಯುವುದು ಅದಕ್ಕೇ. ಅದರಲ್ಲಿ ಶಕ 556 ಇದೆ, ಭಾರತ ಯುದ್ಧವಾಗಿ 3735 ವರ್ಷ ಎಂಬ ಲೆಕ್ಕವೂ ಇದೆ. ಭಾರತ ಯುದ್ಧದಿಂದ ಎಣಿಸಿದ ಈ ಅಂಕೆಯೇ ಕಲಿವರ್ಷ, ಅದರಿಂದ 3101 ಕಳೆದರೆ 634. ಎರಡೂ ಕೂಡಿಬರುತ್ತವೆ.

ಎರಡನೆಯ ಎಡವಟ್ಟು ಗತವರ್ಷ, ವರ್ತಮಾನ ವರ್ಷಗಳದ್ದು. 78 ಕೂಡಿಸುವುದು ಕಳೆದ ವರ್ಷಗಳ ಲೆಕ್ಕಕ್ಕೆ. ಶಾಸನದ ಅಂಕೆ ನಡೆಯುತ್ತಿರುವ ವರ್ಷದ್ದಾಗಿದ್ದರೆ 77. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಲೇಶ ಶಕ 500 ‘ಅತಿಕ್ರಾಂತ’ (ಕಳೆದಿದೆ) ಎಂದೇ ಬರೆಸಿ ಉಪಕಾರ ಮಾಡಿದ್ದಾನೆ. ಕಾರ್ತಿಕ ಹುಣ್ಣಿಮೆ, ಹಾಗಾಗಿ 578. ಅದು ಅವನ ಅಣ್ಣ, ಅರಸ ಒಂದನೇ ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ. ಪಟ್ಟಕ್ಕೆ ಬಂದ ವರ್ಷ ಬೇಕೆಂದು ನೇರವಾಗಿ 12 ಕಳೆಯುವವರೇ ಹೆಚ್ಚು. ಆದರೆ ತುಂಬಿರುವುದು 11, ಹನ್ನೆರಡನೆಯದು ಇನ್ನೂ ನಡೆಯುತ್ತಿದೆ. ಅಂದರೆ ಪಟ್ಟವಾದದ್ದು 566ರ ಕೊನೆಗೂ 567ರ ಶರತ್ಕಾಲಕ್ಕೂ ನಡುವೆ. ಪುಸ್ತಕಗಳಲ್ಲಿ ಕಾಣುವ 566–67ರ ಮೂಲ ಇದು.

ಎಲ್ಲ ಶಾಸನಗಳೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಆಗ ಸಂವತ್ಸರದ ಹೆಸರು ಕೈಹಿಡಿಯುತ್ತದೆ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ (ಶೇಷ ಸೊನ್ನೆಯಾದರೆ ಕ್ಷಯ). ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯನ ಶ್ರವಣಬೆಳಗೊಳದ ಶಾಸನ ‘ಶಕ 1290, ಕೀಲಕ’ ಎನ್ನುತ್ತದೆ. 1302ರಲ್ಲಿ 60ರ ಭಾಗ ಹೋಗಿ ಉಳಿಯುವುದು 42, ನಲವತ್ತೆರಡನೆಯದು ಕೀಲಕ. ಹಾಗಾದರೆ 1290 ಗತವರ್ಷ, ತಿಂಗಳು ಭಾದ್ರಪದ, ಇಸವಿ 1368. ಶೇಷ ಒಂದು ಹೆಚ್ಚಾಗಿ ಬಂದಿದ್ದರೆ ಅಂಕೆ ವರ್ತಮಾನ ವರ್ಷದ್ದೆಂದು ತಿಳಿದು 77 ಕೂಡಿಸಬೇಕಿತ್ತು. ಈ ಸೂತ್ರ ದಕ್ಷಿಣದ್ದು. ಗುರುಗ್ರಹದ ಚಲನೆಯನ್ನು ಹಿಡಿದು ಎಣಿಸುವ ಉತ್ತರದ ಬಾರ್ಹಸ್ಪತ್ಯ ಚಕ್ರದಲ್ಲಿ ಆಗಾಗ ಒಂದು ಸಂವತ್ಸರವನ್ನೇ ಬಿಟ್ಟುಬಿಡುವುದರಿಂದ ಅಲ್ಲಿ ನಡೆಯದು.

ಹಲ್ಮಿಡಿ ಶಾಸನದಲ್ಲಂತೂ ವರ್ಷವೇ ಇಲ್ಲ. 450 ಎಂಬುದು ಲಿಪಿ, ಭಾಷೆ, ಹೆಸರುಗಳನ್ನು ನೋಡಿ ಮಾಡಿದ ಅಂದಾಜು. ಉತ್ತರಪತ್ರಿಕೆಯಲ್ಲಿ ‘ಸು. 450’ (ಸುಮಾರು 450) ಎಂದೇ ಬರೆಯಿರಿ, ಆ ‘ಸು.’ ಬಿಡುವುದು ಸಣ್ಣ ತಪ್ಪಲ್ಲ.

ಅಶೋಕನ ಕಾಲಕ್ಕೆ ಹೋದರೆ ಶಕೆಯೂ ಇಲ್ಲ, ಬರೀ ಅಭಿಷೇಕದಿಂದ ಎಣಿಸಿದ ವರ್ಷಗಳು. ಅಲ್ಲಿ ದಾರಿ ತೋರಿಸುವುದು 13ನೇ ಬಂಡೆಗಲ್ಲು ಶಾಸನ ಹೆಸರಿಸುವ ಐವರು ಯವನ (ಗ್ರೀಕ್) ಅರಸರು: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುದರ. ಅಂತಿಯೋಕ ಎಂದರೆ ಸಿರಿಯಾದ ಎರಡನೇ ಆಂಟಿಯೋಕಸ್, ಅವನು ಪಟ್ಟಕ್ಕೆ ಬಂದದ್ದು ಕ್ರಿ.ಪೂ. 261ರಲ್ಲಿ. ಮಕ ಎಂದರೆ ಸಿರೀನಿನ ಮಗಸ್, ಅವನು ತೀರಿಕೊಂಡದ್ದು ಸು. 250ರಲ್ಲಿ. ಇವರೆಲ್ಲ ಬದುಕಿದ್ದ ಆ ಕೆಲವೇ ವರ್ಷಗಳ ಕಿಂಡಿಯಿಂದಲೇ ಮೌರ್ಯರ ಕಾಲಗಣನೆ ನಿಂತಿದೆ.

ಆಧುನಿಕ ಕಾಲಕ್ಕೆ ಬಂದರೆ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಟಿಪ್ಪು ಹಿಜರಿಯನ್ನು ಬಿಟ್ಟು, ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆ ತಂದ. ಅದಕ್ಕೆ ಸುಮಾರು 572 ಕೂಡಿಸಬೇಕು, 1215 ಅಂದರೆ 1787ರ ಆಸುಪಾಸು. ಸಾಲದ್ದಕ್ಕೆ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು, ನಾಣ್ಯದ ಮೇಲೆ ಕಾಣುವುದು 5121.